ತಮ್ಮವರ ಪುಸ್ತಕವನ್ನೂ ತೂಗಿ ನೋಡಿದ ವಿಮರ್ಶೆ

ಸಂಪ್ರದಾಯವಾದಿ ದೃಷ್ಟಿಯ ಪುಸ್ತಕ ವಿಮರ್ಶೆ ಎಂದರೆ ತಮ್ಮವರನ್ನು ಹೊಗಳುವುದು, ಎದುರಿನವರನ್ನು ತೆಗಳುವುದು ಎಂದು ಹಲವರು ತಿಳಿದಿದ್ದಾರೆ. ಅಮೆರಿಕದ ಒಂದು ಹಳೆಯ ವಿಮರ್ಶೆ ಬೇರೆಯದನ್ನೇ ಹೇಳುತ್ತದೆ.

1955ರಲ್ಲಿ ವಿಲಿಯಂ ಬಕ್ಲಿ ಅವರು ‘ನ್ಯಾಷನಲ್ ರಿವ್ಯೂ’ ಪತ್ರಿಕೆಯನ್ನು ಆರಂಭಿಸಿದರು. ಕಮ್ಯುನಿಸಂ ವಿರೋಧ, ಮುಕ್ತ ಮಾರುಕಟ್ಟೆ, ಧರ್ಮ ಮತ್ತು ಪರಂಪರೆಯ ಮೇಲಿನ ಗೌರವ ಇದರ ನಿಲುವುಗಳಾಗಿದ್ದವು. 1957ರಲ್ಲಿ ಅಯ್ನ್ ರ್ಯಾಂಡ್ ಅವರ ‘ಅಟ್ಲಾಸ್ ಶ್ರಗ್ಡ್’ ಕಾದಂಬರಿ ಪ್ರಕಟವಾಯಿತು. ಸಾವಿರ ಪುಟ ಮೀರಿದ ಈ ಕೃತಿಯಲ್ಲಿ ಸರ್ಕಾರದ ಹಿಡಿತಕ್ಕೆ ಬೇಸತ್ತ ಉದ್ಯಮಿಗಳು ಕೆಲಸ ಬಿಟ್ಟು ಮರೆಯಾಗುತ್ತಾರೆ. ಉದ್ಯಮಿಗಳೇ ನಾಯಕರಾದ ಪುಸ್ತಕವನ್ನು ಇಂಥ ಪತ್ರಿಕೆ ಮೆಚ್ಚಬೇಕಿತ್ತು.

ವಿಮರ್ಶೆ ಬರೆದವರು ವಿಟೇಕರ್ ಚೇಂಬರ್ಸ್. ಹಿಂದೆ ಸೋವಿಯತ್ ಪರ ಗೂಢಚಾರರಾಗಿದ್ದು, ಆ ದಾರಿ ಬಿಟ್ಟು, 1952ರಲ್ಲಿ ‘ವಿಟ್ನೆಸ್’ ಎಂಬ ಆತ್ಮಕಥೆ ಬರೆದವರು ಅವರು. ಲೇಖಕಿ ವಿರೋಧಿಸುವ ಹಲವನ್ನು ತಾವೂ ವಿರೋಧಿಸುವುದಾಗಿ ಅವರು ಒಪ್ಪಿಕೊಂಡರು. ಆದರೂ ಪುಸ್ತಕವನ್ನು ಒಪ್ಪಲಿಲ್ಲ. ಜನರನ್ನು ಪೂರ್ತಿ ಒಳ್ಳೆಯವರು, ಪೂರ್ತಿ ಕೆಟ್ಟವರು ಎಂದು ಎರಡೇ ಪಾಲು ಮಾಡಿದ್ದು ಒಂದು ದೋಷ. ದೇವರಿಗೆ ಜಾಗವಿಲ್ಲದೆ ಹಣ ಮತ್ತು ಭೌತಿಕ ಸುಖವೇ ಗುರಿಯಾದದ್ದು ಇನ್ನೊಂದು. ತನ್ನ ಮಾತೇ ಕೊನೆಯ ಮಾತು ಎಂಬ ಧೋರಣೆ ಸರ್ವಾಧಿಕಾರದ ಕಡೆಗೇ ಒಯ್ಯುತ್ತದೆ ಎಂಬುದು ಅವರ ಮುಖ್ಯ ಎಚ್ಚರಿಕೆ.

ಪತ್ರಿಕೆಯ ಓದುಗರಲ್ಲೇ ಹಲವರು ಸಿಟ್ಟಾಗಿ ಪತ್ರ ಬರೆದರು. ರ್ಯಾಂಡ್ ಅವರ ಅಸಮಾಧಾನ ಕೊನೆಯವರೆಗೂ ಉಳಿಯಿತು. ಕಾದಂಬರಿ ಮಾತ್ರ ಇಂದಿಗೂ ಮಾರಾಟವಾಗುತ್ತಿದೆ.

ಹೀಗಾಗಿ ಯಾವುದೇ ವಿಮರ್ಶೆ ಓದುವಾಗ ಒಂದು ಪರೀಕ್ಷೆ ಸಾಕು. ಎದುರಿನವರಿಗೆ ಬಳಸುವ ತಕ್ಕಡಿಯನ್ನೇ ವಿಮರ್ಶಕರು ತಮ್ಮವರಿಗೂ ಬಳಸಿದ್ದಾರೆಯೇ ಎಂದು ನೋಡಬೇಕು.