ಹಿತ್ತಲ ಬಾತುಕೋಳಿ ನಮ್ಮ ಒಲೆಗೇ ಆಗಲಿ

ಉಗಾದಿಯ ಮರುದಿನ ವರ್ಷತೊಡಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಅಂದು ನಸುಕಿನಲ್ಲೇ ಗುಡ್ಡೆ ಬಾಡಿನ ಮುಂದೆ ಜನ ಸೇರುತ್ತಾರೆ. ವರ್ಷವಿಡೀ ಚೀಟಿ ಕಟ್ಟಿದವರು ತಮ್ಮ ಪಾಲು ಪಡೆಯುತ್ತಾರೆ. ಕಟ್ಟದವರು ಕೈಗಡ ಮಾಡಿಯಾದರೂ ಒಂದು ಗುಡ್ಡೆ ತರುತ್ತಾರೆ. ಅದೇ ಹೊತ್ತಿನಲ್ಲಿ, ಕೆರೆ ಕಾಲುವೆ ಹತ್ತಿರವಿರುವ ಕೆಲವು ಮನೆಗಳ ಹಿತ್ತಲಲ್ಲಿ ನಾಲ್ಕಾರು ಗಂಡು ಬಾತುಕೋಳಿಗಳು ಮನೆಯ ರಾಗಿ ತಿಂದುಕೊಂಡು ಓಡಾಡುತ್ತಿರುತ್ತವೆ. ಅವುಗಳನ್ನು ಕೇಳಿದ ಬೆಲೆಗೆ ದಾರಿಹೋಕರಿಗೆ ಮಾರುತ್ತೇವೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಬಾಡು ಕೊಳ್ಳುತ್ತೇವೆ.

ಹೀಗೇಕೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಬಾತುಕೋಳಿ ಬೇಯಲ್ಲ, ನೀಸು ವಾಸನೆ, ಬರೀ ಕೊಬ್ಬು." ಈ ಲೇಖಕನೂ ಮೊದಲ ಸಲ ಬಾತನ್ನು ನಾಟಿ ಕೋಳಿಯಂತೆಯೇ ಕೊಚ್ಚಿ, ಎಣ್ಣೆ ಸುರಿದು, ಒಲೆ ಉರಿಸಿ ಬೇಯಿಸಿದವನು. ಸಾರಿನ ಮೇಲೆ ಬೆರಳು ದಪ್ಪ ಎಣ್ಣೆ ನಿಂತಿತು. ತುಂಡು ಹಲ್ಲಿಗೆ ಬಗ್ಗಲಿಲ್ಲ. ಮನೆಗೆ ಬಂದಿದ್ದ ಚಿಕ್ಕಮ್ಮ ಒಂದು ತುತ್ತು ಬಾಯಿಗಿಟ್ಟು, "ತಪ್ಪು ಹಕ್ಕೀದಲ್ಲ ಕಣಪ್ಪ, ನಿನ್ನ ಕೈದು" ಎಂದರು. ಅವರ ಮಾತು ನಿಜ. ಬಾತು ಕೋಳಿಯಲ್ಲ. ಅದರ ಚರ್ಮ, ಕೊಬ್ಬು, ಮಾಂಸ ಮೂರೂ ಬೇರೆ ಬಗೆಯವು. ಇದನ್ನರಿತು ಒಲೆ ಹಚ್ಚಿದರೆ ಮುದ್ದೆಗೆ ಇದಕ್ಕಿಂತ ಒಳ್ಳೆಯ ಜೊತೆಯಿಲ್ಲ.

ಕೊಯ್ಯುವ ಹಕ್ಕಿಯ ಆಯ್ಕೆ

ಮೊಟ್ಟೆಗೆಂದು ಸಾಕುವವರಿಗೆ ಗಂಡು ಬಾತು ಹೆಚ್ಚು ಬೇಕಿಲ್ಲ. ಮರಿ ಮಾಡಿಸಬೇಕಾದರೆ ಐದಾರು ಹೆಣ್ಣಿಗೆ ಒಂದು ಗಂಡು ಸಾಕು. ತಿನ್ನುವ ಮೊಟ್ಟೆಗಾದರೆ ಅದೂ ಬೇಡ. ಉಳಿದವು ಅಡುಗೆಗೆ. ಬೆಳೆದ ಗಂಡಿನ ಬಾಲದ ಮೇಲೆ ಸುರುಳಿ ಸುತ್ತಿದ ಗರಿ ಇರುತ್ತದೆ, ದನಿ ಒಡಕು. ಗಟ್ಟಿಯಾಗಿ ಕೂಗುವುದು ಹೆಣ್ಣು.

ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಬಾತು ತಳಿ ಕ್ಷೇತ್ರ 1981ರಲ್ಲಿ ಆರಂಭವಾಯಿತು. ಅಲ್ಲಿಂದ ಹಳ್ಳಿಗಳಿಗೆ ಬಂದ ತಳಿಗಳಲ್ಲಿ ಖಾಕಿ ಕ್ಯಾಂಪ್‌ಬೆಲ್ ಮೊಟ್ಟೆಗೆ ಹೆಸರಾದುದು. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡುತ್ತದೆ. ಬಿಳಿ ಪೆಕಿನ್ ಜಾತಿಯವು ಮಾಂಸಕ್ಕೆ. ಒಳ್ಳೆಯ ಆಹಾರ ಕೊಟ್ಟರೆ ಆರೇಳು ವಾರಕ್ಕೇ ಎರಡು ಕಿಲೋ ದಾಟುತ್ತವೆ. ನಾಟಿ ಬಾತು, ಖಾಕಿ ಗಂಡುಗಳನ್ನು ಮೂರು ನಾಲ್ಕು ತಿಂಗಳಿಗೆ ಕೊಯ್ಯುವುದು ಸೂಕ್ತ. ಎಳೆಯದರ ಕೆಳಗಿನ ಕೊಕ್ಕು ಬೆರಳಿಗೆ ಬಾಗುತ್ತದೆ, ಬಲಿತದ್ದು ಬಾಗುವುದಿಲ್ಲ. ಬಲಿತದ್ದನ್ನು ಬಿಡಬೇಕೆಂದಿಲ್ಲ, ಹೆಚ್ಚು ಹೊತ್ತು ಬೇಯಿಸಿದರಾಯಿತು.

ನೀಸು ವಾಸನೆಗೆ ಕಾರಣ ಬಹುಮಟ್ಟಿಗೆ ಮೇವು. ಮೀನು, ಬಸವನಹುಳು ತಿಂದ ಬಾತಿನ ಕೊಬ್ಬಿನಲ್ಲಿ ಆ ವಾಸನೆ ಸೇರಿಕೊಳ್ಳುತ್ತದೆ. ನಮ್ಮದು ರೇಷ್ಮೆ ಸೀಮೆ. ನೂಲು ತೆಗೆದ ಮೇಲೆ ಉಳಿಯುವ ಹುಳುವನ್ನು ಕೋಳಿ, ಬಾತುಗಳಿಗೆ ಹಾಕುವವರುಂಟು. ಅದು ಪುಷ್ಟಿಯ ಮೇವೇ ಹೌದು, ಆದರೆ ಅದರ ಗಬ್ಬು ಬಾಡಿಗೂ ಬರುತ್ತದೆ. ಆದ್ದರಿಂದ ಕೊಯ್ಯುವ ಮೊದಲು ಹದಿನೈದು ದಿನ ಇವನ್ನೆಲ್ಲ ನಿಲ್ಲಿಸಿ, ಕೂಡಿಹಾಕಿ, ರಾಗಿ, ಭತ್ತ, ತೌಡು, ಸೊಪ್ಪು ಕೊಡಿ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಯಾವ ಕಾಲಕ್ಕೂ ಬೇಡ. ಅದರ ವಿಷಕ್ಕೆ ಬಾತು ಕೋಳಿಗಿಂತ ಬೇಗ ಬಲಿಯಾಗುತ್ತದೆ. ಹಿಂದಿನ ರಾತ್ರಿ ಮೇವು ನಿಲ್ಲಿಸಿ ನೀರು ಮಾತ್ರ ಇಡಬೇಕು. ಕರುಳು ಖಾಲಿಯಿದ್ದರೆ ಹಸನು ಮಾಡುವುದು ಸುಲಭ.

ಗರಿ ಕೀಳುವುದು, ಹಸನು ಮಾಡುವುದು

ಬಾತಿನ ಗರಿಗೆ ಎಣ್ಣೆಯ ಲೇಪವಿದೆ, ನೀರು ಒಳಗಿಳಿಯುವುದಿಲ್ಲ. ಕೋಳಿಯಂತೆ ಒಮ್ಮೆ ಅದ್ದಿ ತೆಗೆದರೆ ಗರಿ ಬಾರದು. ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ, ಕುದಿ ಬರುವ ಮೊದಲೇ ಇಳಿಸಿ. ಕಾಲು ಹಿಡಿದು ಹಕ್ಕಿಯನ್ನು ಮುಳುಗಿಸಿ, ಎರಡು ಮೂರು ನಿಮಿಷ ಆಚೀಚೆ ಆಡಿಸುತ್ತ, ಗರಿಯ ಬುಡಕ್ಕೆ ನೀರು ಹೋಗುವಂತೆ ಕೋಲಿನಿಂದ ಉಜ್ಜಿ. ಕುದಿಯುವ ನೀರಾದರೆ ಚರ್ಮ ಬೆಂದು ಗರಿಯ ಜೊತೆಗೇ ಕಿತ್ತು ಬರುತ್ತದೆ. ದೊಡ್ಡ ಗರಿ ಕಿತ್ತ ಬಳಿಕ ಅರಿಶಿನ ಸವರಿ, ಒಣಹುಲ್ಲಿನ ಉರಿಯ ಮೇಲೆ ಹಿಡಿದು ಸಣ್ಣ ಪುಕ್ಕ ಸುಡಿ. ಉಳಿದ ಮೊಳೆಗರಿಗಳನ್ನು ಚಿಮಟದಿಂದ ತೆಗೆಯಬೇಕು.

ಇನ್ನು ಮುಖ್ಯವಾದ ಒಂದು ಮಾತು. ಬಾಲದ ಬುಡದಲ್ಲಿ, ಮೇಲ್ಭಾಗಕ್ಕೆ, ಹಳದಿ ಬಣ್ಣದ ಎಣ್ಣೆ ಗ್ರಂಥಿ ಇರುತ್ತದೆ. ಬಾತು ಕೊಕ್ಕಿನಿಂದ ಗರಿಗೆ ಹಚ್ಚಿಕೊಳ್ಳುವ ಎಣ್ಣೆ ಇದರದೇ. ಇದನ್ನು ಸುತ್ತಲಿನ ಮಾಂಸದ ಸಮೇತ ಕೊಯ್ದು ಎಸೆಯಿರಿ. ಇದು ಉಳಿದರೆ ಯಾವ ಮಸಾಲೆಯೂ ವಾಸನೆ ಮುಚ್ಚದು. ಈಲಿಯ ಬಳಿಯಿರುವ ಪಿತ್ತದ ಚೀಲ ಒಡೆಯದಂತೆ ತೆಗೆಯಬೇಕು. ಒಡೆದರೆ ಕಹಿ ತಪ್ಪದು.

ಕತ್ತರಿಸುವಾಗ ಮಚ್ಚಿನಿಂದ ಕಂಡಲ್ಲಿ ಕೊಚ್ಚಬೇಡಿ. ಮೂಳೆ ಚೂರಾಗಿ ಮಕ್ಕಳ ಗಂಟಲಿಗೆ ಚುಚ್ಚುತ್ತದೆ. ತೊಡೆ, ರೆಕ್ಕೆಗಳನ್ನು ಹಿಂದಕ್ಕೆ ಬಗ್ಗಿಸಿ ನೋಡಿ. ಕೀಲು ತಾನಾಗಿ ಕಾಣುತ್ತದೆ. ಹರಿತವಾದ ಚಾಕುವಿನಿಂದ ಅಲ್ಲೇ ಕೊಯ್ದರೆ ಸಲೀಸು. ಮೊಂಡು ಚಾಕು ಜಾರಿ ಕೈ ಕೊಯ್ಯುತ್ತದೆ. ಆದ್ದರಿಂದ ಮೊದಲು ಸಾಣೆಕಲ್ಲಿಗೆ ತೀಡಿ. ಬಾಡು ಕೊಯ್ದ ಹಲಗೆ, ಚಾಕುವಿನಲ್ಲಿ ಹಸಿ ಈರುಳ್ಳಿ, ಸೌತೆಕಾಯಿ ಹೆಚ್ಚಕೂಡದು. ಕೈ, ಹಲಗೆ, ಚಾಕು ಮೂರನ್ನೂ ಸೋಪು ಹಾಕಿ ತೊಳೆಯಿರಿ. ಜೀವದ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಅಡುಗೆಗೆ ದಕ್ಕುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಬಹುದು.

ಎಣ್ಣೆ ಬೇಡ, ತಾಳ್ಮೆ ಬೇಕು

ಬಾತಿನ ಕೊಬ್ಬೆಲ್ಲ ಹೆಚ್ಚಾಗಿ ಚರ್ಮದ ಕೆಳಗೇ ಇದೆ. ಅದನ್ನು ಮೊದಲು ಕರಗಿಸಿ ತೆಗೆಯುವುದೇ ಈ ಅಡುಗೆಯ ಗುಟ್ಟು. ಚರ್ಮದ ಮೇಲೆ, ಮಾಂಸಕ್ಕೆ ತಾಗದಂತೆ, ಚಾಕುವಿನಿಂದ ಗೀರು ಹಾಕಿ. ದಪ್ಪ ತಳದ ಪಾತ್ರೆಯನ್ನು ಕಾಯಿಸದೆ, ತಣ್ಣಗಿರುವಾಗಲೇ ತುಂಡುಗಳನ್ನು ಚರ್ಮ ಕೆಳಗಾಗುವಂತೆ ಜೋಡಿಸಿ, ಅರ್ಧ ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿಡಿ. ಸೌದೆ ಒಲೆಯಾದರೆ ಕೊಳ್ಳಿ ಹಿಂದಕ್ಕೆಳೆದು ಕೆಂಡದ ಮೇಲೆ ಮಾಡಿ. ನೀರು ಇಂಗುವಷ್ಟರಲ್ಲಿ ಕೊಬ್ಬು ಕರಗಿ ಬರುತ್ತದೆ. ಆಮೇಲೆ ಆ ಕೊಬ್ಬಿನಲ್ಲೇ ಚರ್ಮ ಕೆಂಪಗಾಗುತ್ತದೆ. ಮೊದಲೇ ಉರಿ ಹೆಚ್ಚಿಸಿದರೆ ಚರ್ಮ ಸೀದು ಕೊಬ್ಬು ಒಳಗೇ ಉಳಿಯುತ್ತದೆ. ಮೂರು ಚಮಚದಷ್ಟು ಬಿಟ್ಟು ಉಳಿದ ಕೊಬ್ಬನ್ನು ಬಟ್ಟಲಿಗೆ ಬಸಿಯಿರಿ. ಇದನ್ನು ಸೋಸಿ ನೀರಿನಂಶವಿಲ್ಲದಂತೆ ಮುಚ್ಚಿಟ್ಟರೆ ಮುಂದಿನ ದಿನಗಳಲ್ಲಿ ಆಲೂಗಡ್ಡೆ ಹುರಿಯಲು, ಒಗ್ಗರಣೆಗೆ ಆಗುತ್ತದೆ. ಕೊಂಡ ಎಣ್ಣೆ ಅಷ್ಟು ಉಳಿಯಿತು.

ಬಾತಿನ ಮಾಂಸ ಕೆಂಪು. ಸದಾ ಕೆಲಸ ಮಾಡುವ ಸ್ನಾಯು. ಅದರ ನಾರು ಮೆತ್ತಗಾಗಲು ಹೊತ್ತು ಬೇಕು. ಜೋರು ಕುದಿಯಲ್ಲಿ ಅದು ಇನ್ನೂ ಬಿಗಿಯುತ್ತದೆ. ಸಣ್ಣ ಕುದಿಯಲ್ಲಿ ಬಿಡಿಸಿಕೊಳ್ಳುತ್ತದೆ. ಬಲಿತ ಹಕ್ಕಿಯಾದರೆ ಹೆಬ್ಬೆರಳಿನಷ್ಟು ಹಸಿ ಪರಂಗಿಕಾಯಿ ಅರೆದು ಅರ್ಧ ಗಂಟೆ ಹಚ್ಚಿಡಿ. ಹೆಚ್ಚು ಹಾಕಿದರೆ ಬಾಡು ಹಿಟ್ಟಾಗುತ್ತದೆ.

ಮುದ್ದೆಗೆ ಬಾತಿನ ಸಾರು

ಒಂದು ಕಿಲೋ ಬಾಡಿಗೆ ಬೇಕಾದವು: ಧನಿಯಾ 3 ಚಮಚ, ಒಣಮೆಣಸಿನಕಾಯಿ 10, ಕರಿಮೆಣಸು 1 ಚಮಚ, ಚಕ್ಕೆ 2 ತುಂಡು, ಲವಂಗ 4, ಗಸಗಸೆ ಮತ್ತು ಹುರಿಗಡಲೆ ಒಂದೊಂದು ಚಮಚ, ಶುಂಠಿ 2 ಅಂಗುಲ, ಬೆಳ್ಳುಳ್ಳಿ 1 ಗಡ್ಡೆ, ಈರುಳ್ಳಿ 4, ಟೊಮೆಟೊ 2, ತೆಂಗಿನ ತುರಿ ಅರ್ಧ ಬಟ್ಟಲು, ಕೊತ್ತಂಬರಿ ಸೊಪ್ಪು, ಪುದೀನ, ಅರಿಶಿನ, ಉಪ್ಪು. ಕೋಳಿ ಸಾರಿಗೆ ಹಾಕುವುದಕ್ಕಿಂತ ಕಾಯಿ ಕಡಿಮೆ, ಮೆಣಸು ಶುಂಠಿ ಹೆಚ್ಚು ಇರುವುದನ್ನು ಗಮನಿಸಿ. ಬಾತಿಗೆ ತನ್ನದೇ ಜಿಡ್ಡು ಇದೆ. ಕಾಯಿಯ ಜಿಡ್ಡೂ ಸೇರಿದರೆ ನಾಲಗೆಗೆ ಹಿಡಿಯುತ್ತದೆ.

ಕೊಬ್ಬು ಬಸಿದ ಪಾತ್ರೆಗೆ ಹೆಚ್ಚಿದ ಎರಡು ಈರುಳ್ಳಿ ಹಾಕಿ ಕೆಂಪಗೆ ಹುರಿದು, ಅರಿಶಿನ, ಉಪ್ಪು ಹಾಕಿ ತುಂಡುಗಳನ್ನು ಬಾಡಿಸಿ. ತೆಂಗಿನ ತುರಿ, ಗಸಗಸೆ, ಹುರಿಗಡಲೆ ಬಿಟ್ಟು ಉಳಿದ ಮಸಾಲೆಯನ್ನು ಮಿಕ್ಕ ಈರುಳ್ಳಿ, ಟೊಮೆಟೊ, ಸೊಪ್ಪುಗಳೊಂದಿಗೆ ರುಬ್ಬಿ ಹಾಕಿ, ಹಸಿ ವಾಸನೆ ಹೋಗಿ ಅಂಚಿನಲ್ಲಿ ಜಿಡ್ಡು ಬಿಡುವವರೆಗೆ ತಿರುವಿ. ಬಳಿಕ ಬಿಸಿನೀರು ಹಾಕಬೇಕು. ತಣ್ಣೀರು ಹಾಕಿದರೆ ಕುದಿ ಮುರಿದು ಬೇಯುವುದು ತಡ. ಮುಚ್ಚಿ, ಸಣ್ಣ ಕುದಿಯಲ್ಲಿ ಎಳೆಯದನ್ನು ಸುಮಾರು ಒಂದು ಗಂಟೆ, ಬಲಿತದ್ದನ್ನು ಎರಡು ಗಂಟೆ ಬೇಯಿಸಿ. ಕುಕ್ಕರಾದರೆ ಎಳೆಯದಕ್ಕೆ ನಾಲ್ಕೈದು ಕೂಗು. ಬಲಿತದ್ದಕ್ಕೆ ಮೊದಲ ಕೂಗಿನ ನಂತರ ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷ. ಕೊನೆಗೆ ತೆಂಗಿನ ತುರಿ, ಗಸಗಸೆ, ಹುರಿಗಡಲೆ ರುಬ್ಬಿ ಸೇರಿಸಿ ಹತ್ತು ನಿಮಿಷ ಕುದಿಸಿ. ಇಳಿಸಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟರೆ ಜಿಡ್ಡು ಮೇಲೆ ನಿಲ್ಲುತ್ತದೆ, ಸೌಟಿನಿಂದ ತೆಗೆಯಿರಿ. ಚಳಿಗಾಲದಲ್ಲಿ ಮಾಗಡಿ ಕಡೆಯ ಅವರೆಕಾಯಿ ಬಂದಾಗ ಒಂದು ಸೇರು ಕಾಳು ಬಿಡಿಸಿ ಈ ಸಾರಿಗೆ ಹಾಕಿದರೆ, ಒಂದೇ ಹಕ್ಕಿ ದೊಡ್ಡ ಸಂಸಾರಕ್ಕೂ ಸಾಕಾಗುತ್ತದೆ.

ತೊಡೆಯ ದಪ್ಪ ಭಾಗ ಚುಚ್ಚಿದರೆ ಚಾಕು ಸಲೀಸಾಗಿ ಇಳಿಯಬೇಕು, ಕೆಂಪು ನೀರು ಬರಬಾರದು. ಆಗ ಬೆಂದಿತೆಂದು ತಿಳಿಯಿರಿ.

ಎಚ್ಚರ ತಪ್ಪಬೇಡಿ

ಸತ್ತ, ಕಾಯಿಲೆ ಬಿದ್ದ ಹಕ್ಕಿಯನ್ನು "ಹಾಳಾಗುತ್ತದಲ್ಲ" ಎಂದು ಅಡುಗೆ ಮಾಡಬೇಡಿ, ಮಾರಬೇಡಿ. 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಕೇಂದ್ರ ಕ್ಷೇತ್ರದಲ್ಲೇ ಹಕ್ಕಿಜ್ವರ ಕಾಣಿಸಿಕೊಂಡು ಸಾವಿರಾರು ಹಕ್ಕಿಗಳನ್ನು ಕೊಂದು ವಿಲೇವಾರಿ ಮಾಡಬೇಕಾಯಿತು. ಬಾತುಗಳು ಈ ರೋಗಾಣುವನ್ನು ಮೇಲ್ನೋಟಕ್ಕೆ ಆರೋಗ್ಯವಾಗಿದ್ದುಕೊಂಡೇ ಹೊತ್ತಿರಬಲ್ಲವು. ಚೆನ್ನಾಗಿ ಬೆಂದ ಬಾಡಿನಲ್ಲಿ ರೋಗಾಣು ಉಳಿಯದು. ಅಪಾಯವಿರುವುದು ಹಸಿ ಹಕ್ಕಿಯನ್ನು ಕೊಯ್ದು ಕೀಳುವ ಕೈಗೆ. ಹಿಂಡಿನಲ್ಲಿ ಒಮ್ಮೆಗೇ ಹಲವು ಸತ್ತರೆ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ.

ಬಾತಿನ ಮೊಟ್ಟೆಯನ್ನು ಅರೆಬೆಂದದ್ದು ತಿನ್ನಬಾರದು. ಕೊಳೆ ನೀರಿನ ರೋಗಾಣು ಅದರಲ್ಲಿ ಸೇರಿರಬಹುದು. ಹನ್ನೆರಡು ನಿಮಿಷ ಪೂರ್ತಿ ಬೇಯಿಸಿ. ಉಳಿದ ಸಾರನ್ನು ಬೇಸಿಗೆಯಲ್ಲಿ ರಾತ್ರಿಯಿಡೀ ಹೊರಗಿಡಬೇಡಿ. ತಂಗಳು ಪೆಟ್ಟಿಗೆ ಇದ್ದರೆ ಅದರಲ್ಲಿಟ್ಟು, ಮತ್ತೆ ಚೆನ್ನಾಗಿ ಕುದಿಸಿ ಬಡಿಸಿ. ಪೆಟ್ಟಿಗೆ ಇಲ್ಲದವರು ಒಂದೊಪ್ಪತ್ತಿಗೆ ಆಗುವಷ್ಟೇ ಮಾಡುವುದು ಮೇಲು.

ಮತ್ತೊಂದು ಮಾತು. ಕಣ್ವ, ಮಂಚನಬೆಲೆ ಜಲಾಶಯಗಳಿಗೂ ಊರ ಕೆರೆಗಳಿಗೂ ಬರುವ ಕಾಡು ಬಾತುಗಳು ನಮ್ಮ ಹಿತ್ತಲಿನವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅವನ್ನು ಬೇಟೆಯಾಡುವುದು ಅಪರಾಧ. ಬಲೆ ಹಾಕುವ ಹುಡುಗರಿಗೆ ಹಿರಿಯರು ಬುದ್ಧಿ ಹೇಳಬೇಕು.

ಕೊನೆಯದಾಗಿ, ಇದನ್ನು ವಾಚನಾಲಯದಲ್ಲಿ ಓದುತ್ತಿರುವ ಗಂಡಸರಿಗೆ ಒಂದು ಸೂಚನೆ. ಹಕ್ಕಿ ಕೊಯ್ದು ಮನೆಯೊಳಗೆ ಕೊಟ್ಟು, ಜಗಲಿಯ ಮೇಲೆ ಕೂತು "ಬೆಂತಾ?" ಎಂದು ಕೇಳುವುದರಿಂದ ಬಾತು ಬೇಯದು. ಗರಿ ಕೀಳುವುದೇ ಒಂದು ಗಂಟೆಯ ಕೆಲಸ. ಬಹಳ ಮನೆಗಳಲ್ಲಿ ಬಾತು ಬೇಡವೆನಿಸಿರುವುದು ರುಚಿಗಲ್ಲ, ಒಬ್ಬಳ ಮೇಲೇ ಬೀಳುವ ಈ ದುಡಿಮೆಗೆ. ನೀರು ಕಾಯಿಸುವುದು, ಕೀಳುವುದು, ಕೊಯ್ಯುವುದು ನಿಮ್ಮ ಪಾಲಿಗಿರಲಿ. ಮುಂದಿನ ವರ್ಷತೊಡಕಿಗೆ ಚೀಟಿ ಕಟ್ಟುವ ಮುನ್ನ ಒಮ್ಮೆ ಹಿತ್ತಲ ಕಡೆ ನೋಡಿ. ಸಾಲವಿಲ್ಲದ ಬಾಡು ಅಲ್ಲೇ ಓಡಾಡುತ್ತಿರಬಹುದು.