ಧ್ವನಿಯಂತ್ರಗಳ ಈಡುಜೋಡು

ಪ್ಲೇಯರ್, ಆಂಪ್ಲಿಫೈಯರ್, ಸ್ಪೀಕರ್‌ಗಳನ್ನು ಬೇರೆ ಬೇರೆಯಾಗಿ ಕೊಂಡು ಮನೆಯಲ್ಲಿ ಜೋಡಿಸುವ ಸಂಗೀತಪ್ರಿಯರು ಒಂದು ಮಾತನ್ನು ಕೇಳಿಯೇ ಇರುತ್ತಾರೆ: ಇಂಪೀಡೆನ್ಸ್ ಹೊಂದಬೇಕು. ಹೊಂದುವುದೆಂದರೆ ಎರಡು ಕಡೆಯ ಅಂಕಿಗಳೂ ಒಂದೇ ಆಗಿರಬೇಕೆಂದು ಹಲವರ ಭಾವನೆ. ಇದು ಎಷ್ಟರಮಟ್ಟಿಗೆ ಸರಿ?

ಬದಲಾಗುತ್ತಿರುವ ವಿದ್ಯುತ್ ಪ್ರವಾಹಕ್ಕೆ ಮಂಡಲವೊಂದು ಒಡ್ಡುವ ಒಟ್ಟು ತಡೆಯೇ ಇಂಪೀಡೆನ್ಸ್. 1886ರಲ್ಲಿ ಆಲಿವರ್ ಹೆವಿಸೈಡ್ ಈ ಹೆಸರನ್ನು ಬಳಕೆಗೆ ತಂದನು. ಇದರ ಮಾನ ಓಮ್. ಮೂಲದ ರೋಧಕ್ಕೆ ಹೊರೆಯ ರೋಧ ಸಮವಾದಾಗ ಹೊರೆಗೆ ಗರಿಷ್ಠ ಶಕ್ತಿ ದೊರೆಯುವುದು ನಿಜ. ಆದರೆ ಆಗ ಅಷ್ಟೇ ಶಕ್ತಿ ಮೂಲದೊಳಗೆ ಶಾಖವಾಗಿ ವ್ಯರ್ಥವಾಗುತ್ತದೆ. ಬಹುದೂರದ ದೂರವಾಣಿ ತಂತಿಗಳಲ್ಲಿ ಸಂಕೇತವು ತುದಿಯಿಂದ ಪ್ರತಿಫಲಿಸಿ ಮರಳದಿರಲು ಸಮತ್ವ ಅವಶ್ಯವಾಗಿತ್ತು. 600 ಓಮ್‌ಗಳ ರೂಢಿ ಬಂದುದು ಅಲ್ಲಿಂದ. ಮನೆಯೊಳಗಿನ ನಾಲ್ಕಾರು ಅಡಿ ತಂತಿಗೆ ಆ ಕಟ್ಟಳೆಯಿಲ್ಲ.

ಇಲ್ಲಿ ಮುಂದೆ ಸಾಗಬೇಕಾದುದು ವೋಲ್ಟೇಜ್. ಪ್ಲೇಯರಿನ ಇಂಪೀಡೆನ್ಸ್ 1,000 ಓಮ್, ಆಂಪ್ಲಿಫೈಯರಿನ ಇನ್‌ಪುಟ್‌ನದು 10,000 ಓಮ್ ಎಂದಿಟ್ಟುಕೊಳ್ಳೋಣ. ವೋಲ್ಟೇಜಿನ ಹನ್ನೊಂದು ಪಾಲಿನಲ್ಲಿ ಹತ್ತು ಪಾಲು ಆಂಪ್ಲಿಫೈಯರನ್ನು ಸೇರುತ್ತದೆ. ಎರಡೂ ಸಮವಾಗಿದ್ದರೆ ಸೇರುವುದು ಅರ್ಧ ಮಾತ್ರ. ಆದ್ದರಿಂದ ಕೊಡುವ ಕಡೆ ಕಡಿಮೆ, ಪಡೆಯುವ ಕಡೆ ಹತ್ತು ಮಡಿಯಾದರೂ ಹೆಚ್ಚು ಇರುವುದು ಲೇಸು. ಗ್ರಾಮಫೋನಿನ ಚಲಿಸುವ ಕಾಂತದ ಕಾರ್ಟ್ರಿಜ್ಜಿಗೆ ಮಾತ್ರ ಗೊತ್ತುಪಡಿಸಿದ ಹೊರೆಯೇ ಬೇಕು. ಸಾಮಾನ್ಯವಾಗಿ ಅದು 47,000 ಓಮ್. ಇದು ತಪ್ಪಿದರೆ ತಾರಸ್ವರಗಳ ಛಾಯೆ ಬದಲಾಗುತ್ತದೆ.

ಸ್ಪೀಕರಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅದರ ಮೇಲೆ 8 ಓಮ್ ಎಂದು ಬರೆದಿದ್ದರೂ ಸ್ವರದ ಕಂಪನಸಂಖ್ಯೆ ಬದಲಾದಂತೆ ಆ ಬೆಲೆ ಏರಿಳಿಯುತ್ತಿರುತ್ತದೆ. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಸ್ವಂತ ಇಂಪೀಡೆನ್ಸ್ ಸಾಮಾನ್ಯವಾಗಿ ಒಂದು ಓಮಿಗಿಂತ ಎಷ್ಟೋ ಕಡಿಮೆ. ಆದುದರಿಂದಲೇ ಈ ಏರಿಳಿತ ನಾದವನ್ನು ಕೆಡಿಸುವುದಿಲ್ಲ. ಮೃದಂಗದ ಪೆಟ್ಟು ಮುಗಿದ ಮೇಲೂ ಸ್ಪೀಕರಿನ ಪೊರೆ ತೂಗಾಡದಂತೆ ಹಿಡಿತ ಒದಗುತ್ತದೆ. ಅಂಥ ಆಂಪ್ಲಿಫೈಯರಿನ ಹಿಂಬದಿಯಲ್ಲಿ ಕಾಣುವ '8 ಓಮ್' ಅದರ ಸ್ವಂತ ಇಂಪೀಡೆನ್ಸ್ ಅಲ್ಲ, ಅದಕ್ಕೆ ಹೊರಿಸತಕ್ಕ ಹೊರೆ. ವಾಲ್ವಿನ ಆಂಪ್ಲಿಫೈಯರುಗಳಲ್ಲಿ ಟ್ರಾನ್ಸ್‌ಫಾರ್ಮರಿನಿಂದ 4, 8, 16 ಓಮ್‌ಗಳಿಗೆ ಬೇರೆ ಬೇರೆ ಕೊನೆಗಳನ್ನು ತೆಗೆದಿರುವುದುಂಟು. ಸ್ಪೀಕರನ್ನು ಅದಕ್ಕೆ ತಕ್ಕ ಕೊನೆಗೇ ಸೇರಿಸಬೇಕು.

ಓಮ್ ಕಡಿಮೆಯಾದಷ್ಟೂ ಹೊರೆ ಭಾರವೆಂಬುದನ್ನು ಮರೆಯಲಾಗದು. 8 ಓಮ್‌ಗಳ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಒಂದೇ ಕೊನೆಗೆ ಕಟ್ಟಿದರೆ ಹೊರೆ 4 ಓಮ್ ಆಗುತ್ತದೆ. ಅದೇ ವೋಲ್ಟೇಜಿಗೆ ಪ್ರವಾಹ ಇಮ್ಮಡಿಯಾಗುತ್ತದೆ. 8 ಓಮಿಗಿಂತ ಕಡಿಮೆಯಾಗಬಾರದೆಂಬ ಆಂಪ್ಲಿಫೈಯರು ಆಗ ಕಾದು, ಕೊನೆಗೆ ಅದರ ಟ್ರಾನ್ಸಿಸ್ಟರುಗಳು ಸುಡಬಹುದು. ಎರಡನ್ನೂ ಸರಣಿಯಲ್ಲಿ ಕಟ್ಟಿದರೆ 16 ಓಮ್. ಒಟ್ಟು ಶಕ್ತಿ ಸುಮಾರು ಅರ್ಧಕ್ಕಿಳಿದರೂ ಟ್ರಾನ್ಸಿಸ್ಟರ್ ಯಂತ್ರಕ್ಕೆ ಅಪಾಯವಿಲ್ಲ. ಮನೆಯ ಮತ್ತೊಂದು ಕೋಣೆಗೂ ಹಾಡು ಕೇಳಿಸಲೆಂದು ಇನ್ನೊಂದು ಸ್ಪೀಕರನ್ನು ಸೇರಿಸುವ ಮುನ್ನ ಈ ಸಣ್ಣ ಲೆಕ್ಕವನ್ನು ಮಾಡಿಕೊಳ್ಳುವುದು ಒಳಿತು.