ಹರಕೆ ಯಾರದು, ಬದುಕು ಯಾರದು?



ಸ್ವಾತಂತ್ರ್ಯವೆಂದೊಡನೆ ನಮಗೆ ನೆನಪಾಗುವುದು 1947ರ ಆಗಸ್ಟ್ 15. ಪರರ ಆಳ್ವಿಕೆ ತೊಲಗಿತು, ಸ್ವರಾಜ್ಯ ಬಂದಿತು. ಆದರೆ ದೇಶಕ್ಕೆ ಬಂದ ಸ್ವಾತಂತ್ರ್ಯವು ಮನೆಯ ಹೊಸ್ತಿಲು ದಾಟಿ, ಒಳಗಿರುವ ಹೆಣ್ಣುಮಗುವಿನವರೆಗೆ ತಲುಪಿತೇ? ಸ್ವಾತಂತ್ರ್ಯವೆಂಬುದು ಅರಸರು ಕೊಡುವ ಉಂಬಳಿಯಲ್ಲ. ಅದು ಮನುಷ್ಯನಿಗೆ ಹುಟ್ಟಿನೊಡನೆ ಬಂದ ಹಕ್ಕು. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಇದನ್ನೇ ಸಾರಿತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ 21ನೆಯ ವಿಧಿಯಲ್ಲಿ ಜೀವಕ್ಕೂ ವ್ಯಕ್ತಿ ಸ್ವಾತಂತ್ರ್ಯಕ್ಕೂ ರಕ್ಷಣೆ ಕೊಟ್ಟಿತು. 23ನೆಯ ವಿಧಿಯಲ್ಲಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿತು.

ಈಗ ನಮ್ಮ ಸೀಮೆಯ ಮಾತಿಗೆ ಬರೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹಿರಿಯರಿಗೆ ಎರಡು ಮಾತುಗಳು ಚೆನ್ನಾಗಿ ಗೊತ್ತು. ಒಂದು ‘ಮುತ್ತು ಕಟ್ಟುವುದು’, ಇನ್ನೊಂದು ‘ಬಸವಿ ಬಿಡುವುದು’. ಒಂದರಲ್ಲಿ ಕಟ್ಟು ಇದೆ, ಇನ್ನೊಂದರಲ್ಲಿ ಬಿಡು ಇದೆ. ಆದರೆ ಎರಡರ ಫಲವೂ ಒಂದೇ. ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ಏನೂ ಅರಿಯದ ಬಾಲೆಯರಿಗೆ ಮುತ್ತು ಕಟ್ಟಿದ್ದುಂಟು. ಹಾಗೆ ಕಟ್ಟಿಸಿಕೊಂಡವಳಿಗೆ ಮದುವೆಯ ಭಾಗ್ಯವಿಲ್ಲ. ಅವಳ ಮಕ್ಕಳಿಗೆ ತಂದೆಯ ಹೆಸರಿಲ್ಲ. ದೇವರಿಗೆ ಬಿಟ್ಟ ಬಸವನಂತೆ ಇವಳೂ ಬಸವಿ ಎಂದರು. ಆದರೆ ಬಸವನನ್ನು ನೊಗದಿಂದ ಬಿಡುತ್ತಾರೆ. ಇವಳ ಕೊರಳಿಗೋ ನೊಗವನ್ನೇ ಹೂಡಿದರು.

ಹೀಗೇಕೆ ಮಾಡಿದರು? ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳು ಮದುವೆಯಾಗಿ ಹೋದರೆ ಮುಪ್ಪಿನಲ್ಲಿ ಗತಿ ಯಾರೆಂಬ ಭಯ. ಬಸವಿಯಾದ ಮಗಳು ತೌರಿನಲ್ಲೇ ಉಳಿದು ಗಂಡುಮಗನಂತೆ ಮನೆ ನಡೆಸುವಳೆಂಬ ಲೆಕ್ಕ. ಮನೆಯಲ್ಲಿ ಬೇನೆ ಬಂದರೆ ಹರಕೆ; ಕೂದಲು ಜಡೆಗಟ್ಟಿದರೆ ದೇವಿಯ ಕರೆ ಎಂಬ ನಂಬಿಕೆ. ಇದಕ್ಕೆ ಬಲಿಯಾದವರು ಬಹುತೇಕ ದಲಿತರ ಮನೆಯ, ಬಡವರ ಮನೆಯ ಮಕ್ಕಳು. ಉಳ್ಳವರ ಮನೆಯ ಮಗಳನ್ನು ದೇವಿಯು ಕರೆದದ್ದು ವಿರಳ! ಈ ಒಂದು ಮಾತನ್ನು ವಿಚಾರಿಸಿದರೆ ಸಾಕು, ಕರೆದದ್ದು ದೇವಿಯೋ ದಾರಿದ್ರ್ಯವೋ ಎಂಬುದು ತಿಳಿಯುತ್ತದೆ.

ಕೊಟ್ಟೂರ ಜಾತ್ರೆಗೆ ಕಾಯಿ ಒಡೆಸುವೆನೆಂದು ಹರಕೆ ಹೊತ್ತವನು ನೆರೆಮನೆಯವನ ಹಿತ್ತಲಿನ ಕಾಯಿ ಕಿತ್ತು ತಂದು ಒಡೆದರೆ ಅದು ಹರಕೆಯಾಗುತ್ತದೆಯೇ? ಅದು ಕಳವು. ತನ್ನದಲ್ಲದ ಕಾಯಿಯನ್ನೇ ಅರ್ಪಿಸಲಾಗದು ಎಂದ ಮೇಲೆ, ತನ್ನದಲ್ಲದ ಬದುಕನ್ನು ಅರ್ಪಿಸಬಹುದೇ? ಮಗಳು ನಮ್ಮ ಮನೆಯಲ್ಲಿ ಹುಟ್ಟಿದವಳು ನಿಜ. ಆದರೆ ಅವಳ ಬದುಕು ನಮ್ಮ ಸೊತ್ತಲ್ಲ. ಹರಕೆ ಹೊತ್ತವರು ಒಬ್ಬರು, ಜನ್ಮವಿಡೀ ತೀರಿಸುವವಳು ಇನ್ನೊಬ್ಬಳು. ಇದು ಭಕ್ತಿಯಲ್ಲ.

ಹನ್ನೆರಡನೆಯ ಶತಮಾನದ ಶರಣರು ಹೆಣ್ಣಿನ ಅಂಗೈಗೂ ಇಷ್ಟಲಿಂಗವನ್ನು ಕೊಟ್ಟರು. ಅವಳಿಗೂ ದೇವರಿಗೂ ನಡುವೆ ದಲ್ಲಾಳಿ ಬೇಡವೆಂಬುದೇ ಅದರ ತಾತ್ಪರ್ಯ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ತಾನೇ ವರಿಸಿದಳು. ಯಾರೂ ಅವಳನ್ನು ಅವನಿಗೆ ಬಿಡಲಿಲ್ಲ. ಸೂಳೆ ಸಂಕವ್ವೆಯ ವಚನಕ್ಕೂ ಶರಣರ ನಡುವೆ ಸ್ಥಾನ ದೊರೆಯಿತು. ತಾನಾಗಿ ಒಲಿಯುವುದು ಸ್ವಾತಂತ್ರ್ಯ. ಇನ್ನೊಬ್ಬರು ಕಟ್ಟುವುದು ದಾಸ್ಯ. ಎರಡರಲ್ಲಿಯೂ ದೇವರ ಹೆಸರಿರಬಹುದು, ಹೆಸರಿಗೆ ಮರುಳಾಗಬಾರದು.

ಕಾನೂನು ಇರಲಿಲ್ಲವೇ? ಇತ್ತು. ಈ ತಾಲ್ಲೂಕುಗಳು 1953ರವರೆಗೆ ಮದರಾಸಿಗೆ ಸೇರಿದ್ದವು. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ದೀರ್ಘ ಹೋರಾಟದ ಫಲವಾಗಿ ಅಲ್ಲಿ 1947ರಲ್ಲಿಯೇ, ದೇಶ ಬಿಡುಗಡೆ ಹೊಂದಿದ ವರ್ಷವೇ, ದೇವದಾಸಿ ನಿಷೇಧ ಶಾಸನವಾಯಿತು. ಕರ್ನಾಟಕವು 1982ರಲ್ಲಿ ಮತ್ತೆ ಶಾಸನ ಮಾಡಿ, ಮುತ್ತು ಕಟ್ಟಿಸಿದ ತಂದೆತಾಯಿಗಳಿಗೆ ಎರಡರಿಂದ ಐದು ವರ್ಷಗಳ ಸೆರೆವಾಸ ವಿಧಿಸಿತು. ಆದರೂ 1993-94ರ ಸರ್ಕಾರಿ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರು ದಾಖಲಾದರು. 2007-08ರ ಸಮೀಕ್ಷೆಯೂ ಸೇರಿ ಆ ಸಂಖ್ಯೆ 46,660ಕ್ಕೆ ಏರಿತು. ಹೆತ್ತವರೇ ಅಪರಾಧಿಗಳಾದಾಗ ದೂರು ಕೊಡುವವರು ಯಾರು? ಬಯಲಿನಲ್ಲಿ ನಡೆಯುತ್ತಿದ್ದುದು ಕತ್ತಲಿಗೆ ಸರಿಯಿತು.

ಇನ್ನು ಗಂಡುಮಗನಿಲ್ಲವೆಂಬ ನೆವವೂ ಇಂದು ನಿಲ್ಲದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳನ್ನು ವಾರಸುದಾರಳೆಂದಿತು. ಕರ್ನಾಟಕದ 1994ರ ತಿದ್ದುಪಡಿ ಮತ್ತು ಕೇಂದ್ರದ 2005ರ ತಿದ್ದುಪಡಿಗಳು ಪಿತ್ರಾರ್ಜಿತ ಆಸ್ತಿಯಲ್ಲಿ ಅವಳಿಗೆ ಮಗನ ಸಮಾನ ಹಕ್ಕು ಕೊಟ್ಟವು. ಮದುವೆಯಾದ ಮಗಳೂ ಹೆತ್ತವರನ್ನು ಸಲಹಬಲ್ಲಳು.

ಬಂಧುಗಳೇ, ಈ ವಿಷಯದಲ್ಲಿ ಮಠಗಳೂ ಊರ ಹಿರಿಯರೂ ಬಹುಕಾಲ ಸುಮ್ಮನಿದ್ದೇವೆ. ‘ಅದು ಅವರ ಕೇರಿಯ ಪದ್ಧತಿ’ ಎಂದು ಕಣ್ಣು ಮುಚ್ಚಿದ್ದೇವೆ. ಆ ಮೌನವೂ ಮುತ್ತು ಕಟ್ಟಿದ ದಾರದ ಒಂದು ಎಳೆಯೇ. ಇನ್ನು ಹಾಗಾಗಬಾರದು. ಇಂಥ ಸುದ್ದಿ ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿರಿ. ಶಾಲೆಯಲ್ಲಿ ಮಗುವಿಗೆ ತಂದೆಯ ಹೆಸರು ಕೇಳಿ ತಲೆ ತಗ್ಗಿಸುವಂತೆ ಮಾಡಬೇಡಿರಿ. ತಾಯಿಯ ಹೆಸರು ಸಾಲದೇ? ನೊಂದ ತಾಯಂದಿರನ್ನು ಮನೆಯ ಮಂಗಲಕಾರ್ಯಕ್ಕೆ ಅಕ್ಕ, ಅವ್ವ ಎಂದು ಕರೆಯಿರಿ. ಹರಕೆ ಹೊರುವುದಾದರೆ ನಿಮ್ಮ ದುಡಿಮೆಯನ್ನು ಹೊರಿರಿ, ಮಕ್ಕಳನ್ನಲ್ಲ. ತನ್ನ ಬದುಕಿಗೆ ತಾನೇ ಹೌದು, ಅಲ್ಲ ಎನ್ನುವ ಅಧಿಕಾರ ನಮ್ಮ ಸೀಮೆಯ ಕಡೆಯ ಮಗುವಿಗೂ ದೊರೆತ ದಿನವೇ ನಮಗೆ ನಿಜವಾದ ಸ್ವಾತಂತ್ರ್ಯದ ದಿನ.